ಗಂಜಿ ಹಾಕಿದ ತಂತಿ

ಬ್ಯಾಟರಿಯಲ್ಲಿ ಜೀವ ಇದೆಯೋ ಇಲ್ಲವೋ ಎಂದು ತಿಳಿಯಲು ಯಜಮಾನರು ಅದರ ಎರಡು ತಂತಿಗಳನ್ನು ನಾಲಿಗೆಗೆ ತಾಗಿಸುತ್ತಿದ್ದರು. ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ನೋಡುವವರ ಹಾಗೆ ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, "ಇನ್ನೂ ಹುಳಿ ಐತೆ, ನಡೀತದೆ" ಎನ್ನುತ್ತಿದ್ದರು. ನಾನೂ ಒಮ್ಮೆ ಹಾಗೆ ಮಾಡಲು ಹೋಗಿ ಬೆಚ್ಚಿ ಬ್ಯಾಟರಿಯನ್ನು ಕಾಲ ಮೇಲೆ ಹಾಕಿಕೊಂಡೆ. ಅವರು ನಗಲಿಲ್ಲ. ನೂಲು ಹರಿದರೆ ನೂಲಿಗೆ ಬೈಯಬಾರದು ಎಂದಷ್ಟೇ ಹೇಳಿ ಬ್ಯಾಟರಿಯನ್ನು ಎತ್ತಿಟ್ಟರು. ಆ ಮಾತಿಗೂ ನನ್ನ ಕಾಲಿಗೂ ಏನು ಸಂಬಂಧವೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅವರ ಮಾತುಗಳಲ್ಲಿ ಅರ್ಧ ಹೀಗೆಯೇ ಇರುತ್ತಿದ್ದವು.

ಹೋದ ತಿಂಗಳು ದೊಡ್ಡಬಳ್ಳಾಪುರದಿಂದ ಅವರ ಮಗನ ಕಾಗದ ಬಂತು. ಅಪ್ಪ ತೀರಿಕೊಂಡರು, ಹನ್ನೊಂದನೆಯ ದಿನದ ಕಾರ್ಯಕ್ಕೆ ನೀವು ಬರಲೇಬೇಕೆಂದು ಅಮ್ಮ ಹೇಳಿಸಿದ್ದಾರೆ ಎಂದು ಬರೆದಿದ್ದ. ಹೋಗಿಬಂದೆ. ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರನ್ನು ಬರೆಯುವುದಿಲ್ಲ. ಆ ಹೆಸರಿನವರು ನೇಕಾರರ ಬೀದಿಗಳಲ್ಲಿ ಬೀದಿಗೆ ನಾಲ್ಕು ಜನ ಇದ್ದರು, ಬರೆದರೂ ಯಾರೆಂದು ತಿಳಿಯುವುದಿಲ್ಲ. ಯಜಮಾನರು ಎಂದರೆ ಮಾತ್ರ ಆ ಬೀದಿಗೆ ಅವರೊಬ್ಬರೇ. ಮನೆಯಲ್ಲಿ ಎರಡು ಮಗ್ಗ, ಹಿತ್ತಲಲ್ಲಿ ಒಂದು ನುಗ್ಗೆಮರ, ಇಷ್ಟೇ ಆಸ್ತಿ. ಯಜಮಾನಿಕೆ ಏನಿದ್ದರೂ ಮುಖದಲ್ಲಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ನಾನಾಗ ದೊಡ್ಡಬಳ್ಳಾಪುರದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ವಯಸ್ಸು ಇಪ್ಪತ್ತೆರಡು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣದ ಹತ್ತಿರ ನಮ್ಮ ಹಳ್ಳಿ. ಅಪ್ಪ ಇರಲಿಲ್ಲ, ಅಮ್ಮ, ಇಬ್ಬರು ತಂಗಿಯರು ನನ್ನ ಸಂಬಳವನ್ನೇ ನೋಡುತ್ತ ಕೂತಿದ್ದರು. ಹೆಡ್‌ಮೇಷ್ಟ್ರು ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದ ಕಾಲ ಅದು. ಪುರಸಭೆಯ ಪಾರ್ಕಿನ ಮಗ್ಗುಲಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಲ್ಲಿಗೆ ಒಂದು ಭಾನುವಾರ ಬೆಳಿಗ್ಗೆ ಯಜಮಾನರು ಬಂದರು. ಕಂಕುಳಲ್ಲಿ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಇತ್ತು. ತುಟಿ ಅಲ್ಲಾಡಿಸದೆ ಇಂಗ್ಲಿಷ್ ಓದುವ ಮೇಷ್ಟ್ರು ಯಾರು ಎಂದು ಶಾಲೆಯ ಹತ್ತಿರ ವಿಚಾರಿಸಿದರಂತೆ, ಎಲ್ಲರೂ ನನ್ನನ್ನು ತೋರಿಸಿದರಂತೆ. ನನಗೆ ಆವತ್ತು ಕೊಂಬು ಬಂದಂತಾಯಿತು, ಸುಳ್ಳೇಕೆ ಹೇಳಲಿ.

ಪತ್ರಿಕೆ ಬೆಂಗಳೂರಿನ ಗುಜರಿಯಲ್ಲಿ ಸಿಕ್ಕಿದ್ದು. ಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡವೆಂದು ಎಸೆದ ಸಾಮಾನು ಅಲ್ಲಿ ರಾಶಿ ಬಿದ್ದಿರುತ್ತಿತ್ತು. ರೇಷ್ಮೆ ತರಲು ಹೋದಾಗಲೆಲ್ಲ ಯಜಮಾನರು ಆ ರಾಶಿಯಲ್ಲಿ ಕೈಯಾಡಿಸಿ ಬರುತ್ತಿದ್ದರು. ಹಾಗೆ ಬಂದವುಗಳಲ್ಲಿ ರೇಡಿಯೋದ ಗಾಜಿನ ವಾಲ್ವುಗಳು, ಸೈನ್ಯದ ಟೆಲಿಫೋನಿನ ಕಿವಿ ಮತ್ತು ಬಾಯಿ, ಈ ಪತ್ರಿಕೆ ಎಲ್ಲ ಇದ್ದವು. ಪತ್ರಿಕೆಯಲ್ಲಿ ಎರಡು ನಕ್ಷೆಗಳಿದ್ದವು. ಮೊದಲನೆಯದು ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ವಾಲ್ವಿನ ರೇಡಿಯೋ. ಅದನ್ನು ಅವರು ಆಗಲೇ ಅರ್ಧ ಮುಗಿಸಿದ್ದರು, ಒಂದಕ್ಷರ ಓದದೆ, ಬರೀ ನಕ್ಷೆ ನೋಡಿ. ನಾನು ನಂಬಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ತೋರಿಸಿದರು. ಉಳಿದರ್ಧಕ್ಕೆ ನಾನು ಓದಿ ಹೇಳಿದೆ, ಹದಿನೈದು ದಿನದಲ್ಲಿ ಅದು ಮಾತಾಡಿತು. ಟೆಲಿಫೋನಿನ ಕಿವಿಯನ್ನು ಕಿವಿಗೆ ಒತ್ತಿಕೊಂಡರೆ ಮೈಸೂರು ನಿಲಯದ ವೀಣೆ ಸೊಳ್ಳೆಯ ಹಾಗೆ ಕೇಳುತ್ತಿತ್ತು.

ನಾನಾಗಿದ್ದರೆ ಊರೆಲ್ಲ ಸಾರಿಕೊಂಡು ಬರುತ್ತಿದ್ದೆ. ಅವರು ವೀಣೆಯನ್ನು ಅರ್ಧಕ್ಕೆ ಬಿಟ್ಟು ಕಿವಿಯಿಂದ ಅದನ್ನು ತೆಗೆದರು.

"ಕೇಳೋದಾಯ್ತು. ಹೇಳೋದು ಹೆಂಗೆ ಮೇಷ್ಟ್ರೇ?"

ಎರಡನೆಯ ನಕ್ಷೆ ಅದರದು. ಇಲ್ಲಿ ಮಾತಾಡಿದ್ದನ್ನು ತಂತಿಯಿಲ್ಲದೆ ಎರಡು ಬೀದಿ ಆಚೆ ಕೇಳಿಸುವ ಪುಟ್ಟ ಪ್ರಸಾರ ಯಂತ್ರ. ಅದನ್ನು ಕಂಡಕೂಡಲೇ ನಾನು ಪತ್ರಿಕೆಯನ್ನು ಮಡಚಿಟ್ಟೆ. ಲೈಸೆನ್ಸ್ ಇಲ್ಲದೆ ಹೀಗೆ ಮಾತು ಬಿಡುವುದು ಅಪರಾಧ, ಪೊಲೀಸರು ಹಿಡಿಯುತ್ತಾರೆ ಎಂದು ಹೇಳಿದೆ. ಯಜಮಾನರು ಒಳಮನೆಯ ಕಡೆ ಒಂದು ಸಲ ನೋಡಿದರು. "ಎರಡು ಬೀದಿ ದಾಟೋ ಮಾತಿಗೆ ಲೈಸೆನ್ಸಾ? ನಮ್ಮನೆಯೋಳು ಏನೂ ಇಲ್ದೆ ನಾಲ್ಕು ಬೀದಿ ದಾಟಿಸ್ತಾಳೆ." ಒಳಗಿನಿಂದ ಆಕೆ ಅದಕ್ಕೆ ಕೊಟ್ಟ ಉತ್ತರ ಖಂಡಿತ ನಾಲ್ಕು ಬೀದಿ ದಾಟಿರಬೇಕು.

ನಾನು ಒಂದು ಕರಾರು ಹಾಕಿದೆ. ಓದಿ ಹೇಳುತ್ತೇನೆ, ಆದರೆ ಏನೇ ಆಗಲಿ ನನ್ನ ಹೆಸರು ಹೊರಗೆ ಬರಬಾರದು. ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಯಜಮಾನರು ಆಗಲಿ ಎಂದರು. ಎರಡನೆಯ ಸಲ ಕೇಳಿದೆ, ಮತ್ತೆ ಆಗಲಿ ಎಂದರು. ಮೂರನೆಯ ಸಲಕ್ಕೆ ಅವರ ಹೆಂಡತಿ ಬಾಗಿಲಿಗೆ ಬಂದು, "ಕಾಗದ ಬರ್ಕೊಡ್ಬೇಕಾ ಮೇಷ್ಟ್ರೇ?" ಎಂದು ಕೇಳಿದರು. ಪತ್ರಿಕೆ ಬಿಡಿಸಿ ಓದತೊಡಗಿದೆ.

ಕೆಲಸ ಮಾಡುವಾಗ ಅವರನ್ನು ನೋಡಬೇಕಿತ್ತು. ಅವರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತೇ ಇರಲಿಲ್ಲ. "ಇನ್ನೂ ಕೈಗೆ ಬಂದಿಲ್ಲ" ಎನ್ನುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ನೇಯುವರು, ಸಂಜೆ ಒಂದು ಲೋಟ ಕಾಫಿ ಕುಡಿದು ಈ ಕೆಲಸಕ್ಕೆ ಕೂರುವರು. ಎರಡಕ್ಕೂ ಅದೇ ಮುಖ, ಅದೇ ಬೆರಳು. ಹರಿದ ನೂಲನ್ನು ಉಗುಳು ಹಚ್ಚಿ ಹೊಸೆದು ಸೇರಿಸಿದರೆ ಗಂಟು ಎಲ್ಲಿದೆ ಎಂದು ಯಾರಿಗೂ ಸಿಗುತ್ತಿರಲಿಲ್ಲ. ತಾಮ್ರದ ತಂತಿಯನ್ನು ಕೂಡಿಸುವಾಗಲೂ ಮೊದಲ ಎರಡು ದಿನ ಅಭ್ಯಾಸಬಲದಿಂದ ಉಗುಳು ಹಚ್ಚುತ್ತಿದ್ದರು. ಕರಗಿಸಿದ ಸೀಸದ ಬೆಸುಗೆ ಹಾಕಬೇಕು ಎಂದು ನಾನು ಓದಿ ಹೇಳಿದ ಮೇಲೆ ಬಿಟ್ಟರು.

ತಂತಿಯದೇ ಒಂದು ಕಥೆ. ಯಂತ್ರದ ಜೀವ ಅದರ ಸುರುಳಿಯಲ್ಲಿತ್ತು. ಸುರುಳಿಗೆ ಹೊದಿಕೆಯಿರುವ ಸಣ್ಣ ತಂತಿ ಬೇಕು, ಇಲ್ಲದಿದ್ದರೆ ಸುತ್ತಿನಿಂದ ಸುತ್ತಿಗೆ ತಾಗಿ ಎಲ್ಲ ಕೆಡುತ್ತದೆ. ಅಂಥ ತಂತಿ ಆಗ ಬೆಂಗಳೂರಿನಲ್ಲೂ ನಮ್ಮಂಥವರಿಗೆ ಸಿಗುತ್ತಿರಲಿಲ್ಲ, ಸಿಕ್ಕಿದ್ದು ಬರೀ ತಾಮ್ರದ್ದು. ಹೊದಿಕೆ ರೇಷ್ಮೆಯದಾದರೆ ಉತ್ತಮ ಎಂದು ಪತ್ರಿಕೆಯಲ್ಲಿತ್ತು. ನಾನು ಅದನ್ನು ಓದಿ ಹೇಳಿದೆ. ಯಜಮಾನರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ರೇಷ್ಮೆ ಬೇಕು ಅಂತ ದೊಡ್ಬಳ್ಳಾಪುರದೋನಿಗೆ ಹೇಳ್ತಾನಾ ಅವ್ನು?"

ಮೂರು ದಿನ ಹೆಂಡತಿ ರಾಟೆ ತಿರುಗಿಸಿದರು, ಇವರು ತಾಮ್ರದ ಎಳೆಯ ಮೇಲೆ ರೇಷ್ಮೆಯ ಎಳೆಯನ್ನು ಒತ್ತೊತ್ತಾಗಿ ಸುತ್ತಿದರು. ಮುಗಿದಾಗ ಆ ತಂತಿ ಯಾವುದೋ ಸೀರೆಯ ಅಂಚಿನಿಂದ ಎಳೆದಂತೆ ಹೊಳೆಯುತ್ತಿತ್ತು. ಅದರ ಮೇಲೆ ಮೇಣ ಸವರಿ ಒಣಗಿಸಬೇಕು ಎಂದು ಮುಂದಿನ ಸಾಲಿನಲ್ಲಿತ್ತು. ಅಲ್ಲಿ ನಮಗೆ ಜಗಳವಾಯಿತು. ಮೇಣ ಮೆತ್ತಿದ ನೂಲು ನೂಲೇ ಅಲ್ಲ, ನೂಲು ಎಂದ ಮೇಲೆ ಅದಕ್ಕೆ ಗಂಜಿಯೇ ಆಗಬೇಕು ಎಂದರು. ತೆಳ್ಳನೆಯ ಅಕ್ಕಿ ಗಂಜಿ ಕುಡಿಸಿದರೆ ಎಳೆ ಏಳುವುದಿಲ್ಲ, ತಂತಿಗೆ ಅಂಟಿಕೊಂಡು ನಿಲ್ಲುತ್ತದೆ ಎಂಬುದು ಅವರ ವಾದ. ಪುಸ್ತಕದಲ್ಲಿ ಮೇಣ ಎಂದಿದೆಯಲ್ಲ ಎಂದು ನಾನು. ಬರೆದವನ ಊರಲ್ಲಿ ಮಗ್ಗ ಇಲ್ಲದಿದ್ದರೆ ಅವನೇನು ಮಾಡುತ್ತಾನೆ ಪಾಪ ಎಂದು ಅವರು. ಗಂಜಿಯೇ ಗೆದ್ದಿತು. ಆ ತಂತಿಯನ್ನು ಬಿದಿರಿನ ಕೊಳವೆಗೆ ಸುತ್ತಿ, ಹಳೆಯ ಮಗ್ಗದ ಹಲಗೆಯ ಮೇಲೆ ವಾಲ್ವು, ಬ್ಯಾಟರಿ, ಟೆಲಿಫೋನಿನ ಬಾಯಿ ಎಲ್ಲವನ್ನೂ ಕೂರಿಸಿದರು. ಹೆಂಚಿನ ಮೇಲಿಂದ ನುಗ್ಗೆಮರಕ್ಕೆ ಒಂದು ತಂತಿ ಕಟ್ಟಿದರು. ನೋಡಿದವರು ಬಟ್ಟೆ ಒಣಹಾಕಲು ಎಂದುಕೊಂಡರು. ಬೀದಿಯವರು ಸಂಶಯ ಪಡಬಾರದೆಂದು ಅವರ ಹೆಂಡತಿ ಅದರ ಮೇಲೆ ಒಂದು ಟವೆಲನ್ನೂ ಹಾಕಿದ್ದರು.

ಒಣಹವೆಯ ದಿನಗಳಲ್ಲಿ ಎರಡು ಮೂರು ಸಲ ಪರೀಕ್ಷೆ ಮಾಡಿದೆವು. ಚೆನ್ನಾಗಿಯೇ ನಡೆಯಿತು. ಸಂಜೆ ನಾನು ನನ್ನ ಕೋಣೆಯಲ್ಲಿ ಮೊದಲು ಮಾಡಿದ ರೇಡಿಯೋ ಇಟ್ಟುಕೊಂಡು ಕೂರುವುದು, ಅವರು ಮನೆಯಿಂದ ಮಾತಾಡುವುದು. ಮೈಸೂರು ನಿಲಯದ ಪಕ್ಕದಲ್ಲೇ, ಯಾರ ಮಾತೂ ಇಲ್ಲದ ಒಂದು ಖಾಲಿ ಜಾಗದಲ್ಲಿ ಅವರ ಧ್ವನಿ ಸಿಗುತ್ತಿತ್ತು. ಆದರೆ ಎಡೆಬಿಡದೆ ಮಾತಾಡಬೇಕಲ್ಲ, ಅದೇ ಅವರಿಗೆ ಕಷ್ಟವಾಯಿತು. ದಿನಕ್ಕೆ ಇಪ್ಪತ್ತು ಮಾತು ಆಡದ ಮನುಷ್ಯ ಅರ್ಧ ಗಂಟೆ ಏನು ಹೇಳಿಯಾರು? ಕೊನೆಗೆ ತಮಗೆ ಬರುವುದನ್ನೇ ಹೇಳತೊಡಗಿದರು. ಸೀರೆಯ ಅಂಚಿನ ಎಣಿಕೆ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ಅವರ ಮನೆತನದವರು ಬಾಯಿಪಾಠ ಮಾಡಿಕೊಂಡಿರುತ್ತಿದ್ದರು. "ಎರಡು ಮೇಲೆ, ಒಂದು ಕೆಳಗೆ. ನಾಲ್ಕು ಮೇಲೆ, ಒಂದು ಕೆಳಗೆ. ಒಂದು ಬಿಟ್ಟು ಮತ್ತೆ ಎರಡು ಮೇಲೆ." ಕಿವಿಗೆ ಒತ್ತಿಕೊಂಡು ಅದನ್ನು ಕೇಳುತ್ತ ಕೂತರೆ ನನಗೆ ನಿದ್ದೆ ಬರುತ್ತಿತ್ತು. ಅಷ್ಟು ಸಮಾಧಾನದ ಧ್ವನಿ ಅದು.

ಶ್ರಾವಣದಲ್ಲಿ ಒಂದು ಸಂಜೆ, ಎರಡು ದಿನ ಹಿಡಿದಿದ್ದ ಜಡಿಮಳೆ ಆಗತಾನೇ ನಿಂತಿತ್ತು. ಗೊತ್ತಾದ ವೇಳೆಗೆ ನಾನು ರೇಡಿಯೋ ಹಚ್ಚಿ ಕೂತೆ. ಆ ಖಾಲಿ ಜಾಗದಲ್ಲಿ ಯಜಮಾನರು ಸಿಗಲಿಲ್ಲ. ಬ್ಯಾಟರಿ ಮುಗಿಯಿತೇನೋ ಎಂದು ವಿಚಾರಿಸಲು ಹೊರಟೆ. ಬಾಗಿಲು ತೆಗೆದರೆ ಪಾರ್ಕಿನ ಕಡೆಯಿಂದ ಯಜಮಾನರ ಧ್ವನಿ ಬರುತ್ತಿತ್ತು, ದೊಡ್ಡದಾಗಿ, ಒಡೆದ ತಗಡಿನಂತೆ. "ನಾಲ್ಕು ಮೇಲೆ, ಒಂದು ಕೆಳಗೆ."

ಪಾರ್ಕಿನ ನಡುವೆ ಪುರಸಭೆಯವರು ಒಂದು ಕಟ್ಟೆ ಕಟ್ಟಿ, ಪೆಟ್ಟಿಗೆಯಲ್ಲಿ ರೇಡಿಯೋ ಇಟ್ಟು, ಮೇಲೆ ದನಿವರ್ಧಕ ಹಾಕಿದ್ದರು. ಸಂಜೆ ಊರ ಗಂಡಸರೆಲ್ಲ ಅಲ್ಲಿ ಕೂತು ಕೇಳುತ್ತಿದ್ದರು. ಆವತ್ತು ಪುರಸಭೆಯ ಪ್ರೆಸಿಡೆಂಟರೂ ಬೆಂಚಿನ ಮೇಲೆ ಕೂತು ಸಂಗೀತಕ್ಕೆ ತೊಡೆ ತಟ್ಟುತ್ತಿದ್ದರಂತೆ. ಹಾಡಿನ ನಡುವೆ ಈ ಎಣಿಕೆ ನುಗ್ಗಿತು. ಗುಟ್ಟಿನ ಸಂದೇಶವಿರಬೇಕು ಎಂದರು ಒಬ್ಬರು. ಲೆಕ್ಕದ ಪಾಠ ಎಂದರು ಇನ್ನೊಬ್ಬರು. ನಾನು ಹೋಗಿ ನಿಲ್ಲುವ ಹೊತ್ತಿಗೆ ಎಣಿಕೆಯ ಹಿಂದಿನಿಂದ ಒಂದು ಹೆಣ್ಣುಧ್ವನಿ ಎದ್ದಿತು. ನಮ್ಮ ಬೀದಿ ದೀಪ ಕೆಟ್ಟು ತಿಂಗಳಾಯಿತು, ಕತ್ತಲಲ್ಲಿ ಮೂರು ಜನ ಚರಂಡಿಗೆ ಬಿದ್ದರು, ಆ ಪ್ರೆಸಿಡೆಂಟಪ್ಪನ ಮನೆ ಮುಂದೆ ಮಾತ್ರ ಎರಡೆರಡು ದೀಪ, ಅವನೇನು ಹಗಲೂ ದೀಪ ಹಚ್ಚಿಕೊಂಡು ಉಣ್ಣುತ್ತಾನಾ ಎಂದು. ಆಮೇಲೆ ಯಜಮಾನರ ಧ್ವನಿ, ಏನೂ ಆಗದವರಂತೆ, "ಒಂದು ಬಿಟ್ಟು ಮತ್ತೆ ಎರಡು ಮೇಲೆ."

ಪಾರ್ಕು ಬಿದ್ದು ಬಿದ್ದು ನಕ್ಕಿತು. ಪ್ರೆಸಿಡೆಂಟರು ಎದ್ದು ಹೊರಟುಹೋದರು. ನಾನು ಓಡಿ ಹೋಗಿ ಯಂತ್ರ ನಿಲ್ಲಿಸಿದೆ. ಯಜಮಾನರಿಗೆ ಎಲ್ಲ ಹೇಳಿದರೆ ಅವರು ಮೊದಲು ಕೇಳಿದ್ದು, "ದನಿ ಸ್ಪಷ್ಟವಾಗಿತ್ತಾ?" ಆಮೇಲೆ ಸುರುಳಿಯನ್ನು ಬಿಚ್ಚಿ ನಾಲಿಗೆಗೆ ತಾಗಿಸಿದರು. ಗಂಜಿ ಮಳೆಯ ತೇವ ಕುಡಿದು ಮೆತ್ತಗಾಗಿತ್ತು. ಸುರುಳಿಯ ಹದ ಕೆಟ್ಟು, ಖಾಲಿ ಜಾಗದಲ್ಲಿ ನಿಲ್ಲಬೇಕಾದ ಧ್ವನಿ ಜಾರಿ ಪಕ್ಕದ ಮೈಸೂರು ನಿಲಯದ ಮೇಲೆ ಹೋಗಿ ಕೂತಿತ್ತು.

"ಪುಸ್ತಕದೋನೇ ಸರಿ," ಎಂದರು. ನೇಕಾರನ ಬಾಯಿಂದ ಆ ಮಾತು ಬರುವುದು ಸುಲಭವಲ್ಲ.

ಮರುದಿನವೇ ಯಜಮಾನರ ಬೀದಿಗೆ ದೀಪ ಬಂತು. ಅದರ ಜೊತೆಗೆ ಇನ್ನೊಂದು ಸುದ್ದಿಯೂ ಬಂತು. ಪಾರ್ಕಿನ ರೇಡಿಯೋ ನೋಡಿಕೊಳ್ಳುವ, ಅದೇ ಬೀದಿಯ ಜವಾನನನ್ನು ಕೆಲಸದಿಂದ ನಿಲ್ಲಿಸಿದ್ದರು. ಪೆಟ್ಟಿಗೆಯ ಬೀಗದ ಕೈ ಅವನ ಹತ್ತಿರ ಮಾತ್ರ ಇತ್ತು. ಬೀಗ ಹಾಕಿದ ಪೆಟ್ಟಿಗೆಯೊಳಗೆ ಬೇರೆಯವರ ಧ್ವನಿ ಹೇಗೆ ಬಂದೀತು? ಹಿಂದಿನ ವಾರವಷ್ಟೇ ಹೊಸ ಸಮವಸ್ತ್ರ ಕೇಳಲು ಹೋಗಿ ಪ್ರೆಸಿಡೆಂಟರಿಂದ ಬೈಸಿಕೊಂಡಿದ್ದ. ಆ ಸಿಟ್ಟಿಗೆ ಏನೋ ಕರಾಮತ್ತು ಮಾಡಿ, ಹೆಂಡತಿಯ ಕೈಯಲ್ಲಿ ಬೈಸಿದ್ದಾನೆ ಎಂದು ತೀರ್ಮಾನವಾಯಿತು. ಆ ತಗಡಿನ ಧ್ವನಿಯಲ್ಲಿ ಪಾರ್ಕಿನವರಿಗೆ ಯಾರ ಗುರುತೂ ಸಿಕ್ಕಿರಲಿಲ್ಲ. ಆ ಹೆಂಗಸು ಪಾಪ ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಪೆಟ್ಟಿಗೆಗೆ ಕಾಗದ ಅಂಟಿಸಿ ಮೊಹರು ಹಾಕಿದರು. ಶನಿವಾರ ಸಂಜೆ ಸಬ್ ಇನ್‌ಸ್ಪೆಕ್ಟರ ಮುಂದೆ ವಿಚಾರಣೆ ಎಂದಾಯಿತು.

ನಾನು ಯಜಮಾನರ ಕಾಲು ಹಿಡಿಯುವುದೊಂದು ಬಾಕಿ. ಸುಮ್ಮನಿದ್ದುಬಿಡಿ, ನಾಲ್ಕು ದಿನದಲ್ಲಿ ಎಲ್ಲ ತಣ್ಣಗಾಗುತ್ತದೆ, ಜವಾನನಿಗೆ ಮತ್ತೆ ಕೆಲಸ ಕೊಡುತ್ತಾರೆ ಎಂದೆಲ್ಲ ಹೇಳಿದೆ. ಕೊಡುವುದಿಲ್ಲವೆಂದು ನನಗೆ ಗೊತ್ತಿತ್ತು. ಅವರು ನಾನು ಹೇಳುವುದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ, ತಪ್ಪು ಗಂಜಿಯದು, ಗಂಜಿ ಹಾಕಿದವನು ನಾನು, ಶನಿವಾರ ಹೋಗಿ ಹೇಳುತ್ತೇನೆ ಎಂದರು. ನನ್ನ ಮುಖ ನೋಡಿ ಮತ್ತೆ ಹೇಳಿದರು, ನಿಮ್ಮ ಕರಾರು ನೆನಪಿದೆ.

ಶನಿವಾರ ಪಾರ್ಕಿನಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ನಾವು ಮೇಷ್ಟ್ರುಗಳೆಲ್ಲ ಹೆಡ್‌ಮೇಷ್ಟ್ರ ಹಿಂದೆ ಸಾಲಾಗಿ ಕೂತಿದ್ದೆವು. ಜವಾನ ಕಟ್ಟೆಯ ಪಕ್ಕ ಕೈಕಟ್ಟಿ ನಿಂತಿದ್ದ, ಅವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಯಜಮಾನರು ಬುಟ್ಟಿಯಲ್ಲಿ ಯಂತ್ರ ಹೊತ್ತು ಬಂದರು. ಹಿಂದೆಯೇ ಅವರ ಹೆಂಡತಿ ಒಂದು ಚೊಂಬು ನೀರು ಹಿಡಿದು ಬಂದರು. ಗಂಡಸರ ಪಾರ್ಕಿಗೆ ಹೆಂಗಸೇಕೆ ಎಂದು ಯಾರೋ ಅಂದದ್ದಕ್ಕೆ ಆಕೆ ಪ್ರೆಸಿಡೆಂಟರ ಕಡೆ ತಿರುಗಿದರು.

"ಎಣಿಕೆ ನಮ್ಮನೆಯೋರದು. ದೀಪದ ಮಾತು ನಂದು. ನನ್ನ ಮಾತಿಗೆ ನಾನೇ ಬರಬೇಕಲ್ಲ."

ಯಾರೂ ನಂಬಲಿಲ್ಲ. ಜವಾನನನ್ನು ಉಳಿಸಲು ಸುಳ್ಳು ಹೇಳಿಕೊಂಡು ಬಂದಿದ್ದಾರೆ ಎಂದರು ಪ್ರೆಸಿಡೆಂಟರು. ಹಾಗಾದರೆ ತೋರಿಸಲಿ ಎಂದರು ಇನ್‌ಸ್ಪೆಕ್ಟರು. ಮೊಹರು ಒಡೆದು ರೇಡಿಯೋ ಹಚ್ಚಿಸಿದರು. ನಿಲಯ ತೋರಿಸುವ ಮುಳ್ಳು ಆವತ್ತು ಇದ್ದಲ್ಲೇ ಇರಬೇಕು, ಯಾರೂ ತಿರುಗಿಸುವಂತಿಲ್ಲ ಎಂದು ಅಪ್ಪಣೆಯಾಯಿತು. ಯಜಮಾನರು ಬೇಲಿಯ ಮೇಲೆ ತಂತಿ ಹರಡಿ, ಟೆಲಿಫೋನಿನ ಬಾಯಿ ಹಿಡಿದು ಎಣಿಸತೊಡಗಿದರು. ಎರಡು ಮೇಲೆ, ಒಂದು ಕೆಳಗೆ. ದನಿವರ್ಧಕದಲ್ಲಿ ಹಾಡು ತನ್ನ ಪಾಡಿಗೆ ನಡೆಯುತ್ತಿತ್ತು. ಇನ್ನೂ ಗಟ್ಟಿಯಾಗಿ ಎಣಿಸಿದರು. ಹಾಡು ಹಾಗೆಯೇ ನಡೆಯಿತು. ಜನ ನಗತೊಡಗಿದರು. ಜವಾನ ತಲೆ ತಗ್ಗಿಸಿದ.

ನನಗೆ ತಟ್ಟನೆ ಹೊಳೆಯಿತು. ಮಳೆ ನಿಂತು ನಾಲ್ಕು ದಿನ ಬಿಸಿಲು ಕಾದಿತ್ತು. ಗಂಜಿ ಒಣಗಿ ಗರಿಗರಿಯಾಗಿತ್ತು. ಧ್ವನಿ ತನ್ನ ಖಾಲಿ ಜಾಗಕ್ಕೆ ವಾಪಸು ಹೋಗಿತ್ತು. ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ಸಿಗುತ್ತದೆ. ಎದ್ದು ಅಷ್ಟು ಹೇಳಿದ್ದರೆ ಆಗುತ್ತಿತ್ತು. ಹೆಡ್‌ಮೇಷ್ಟ್ರ ಪೇಟ ನನ್ನ ಮೂಗಿನ ಮುಂದೆಯೇ ಇತ್ತು. ನಾನು ಏಳಲಿಲ್ಲ.

ಯಜಮಾನರು ಅವಸರ ಮಾಡಲಿಲ್ಲ. ಸುರುಳಿಯನ್ನು ಮುಟ್ಟಿ ನೋಡಿದರು, ಹೆಂಡತಿಯ ಕಡೆ ಕೈ ಚಾಚಿದರು. ಆಕೆ ಚೊಂಬು ಕೊಟ್ಟರು. ಮಗ್ಗದಲ್ಲಿ ಉದ್ದಕ್ಕೆ ಹಾಸಿದ ನೂಲು ಒಣಗಿ ಎಳೆ ಹರಿಯತೊಡಗಿದಾಗ ನೇಕಾರರು ಬಾಯಲ್ಲಿ ನೀರು ತುಂಬಿಕೊಂಡು ಮಂಜಿನ ಹಾಗೆ ಊದುತ್ತಾರೆ, ಒಂದು ಹನಿ ದಪ್ಪ ಬೀಳುವುದಿಲ್ಲ. ಯಜಮಾನರು ಸುರುಳಿಯ ಮೇಲೆ ಹಾಗೆ ಒಮ್ಮೆ ಊದಿದರು. ಬ್ಯಾಟರಿ ಅವರ ಕೈಗೆ ಒಂದು ಏಟು ಕೊಟ್ಟಿತು, ಕೈ ಕೊಡವಿಕೊಂಡರು. ಗಂಜಿ ನೀರು ಕುಡಿಯುವವರೆಗೆ ಕಾದು, ಮತ್ತೆ ಎಣಿಕೆ ಹಿಡಿದರು. ಹಾಡಿನೊಳಗೆ ಎಲ್ಲಿಂದಲೋ ಒಂದು ಸಿಳ್ಳು ಬಂತು. ಸಿಳ್ಳು ದಪ್ಪವಾಗುತ್ತ ಬಂತು, ಹಾಡು ಮುಳುಗಿತು. "ನಾಲ್ಕು ಮೇಲೆ, ಒಂದು ಕೆಳಗೆ," ಎಂದಿತು ದನಿವರ್ಧಕ.

ಜವಾನನ ಹೆಂಡತಿ ಅಳು ನಿಲ್ಲಿಸಿದಳು. ಯಜಮಾನರ ಹೆಂಡತಿ ಆ ಟೆಲಿಫೋನನ್ನು ತಾವು ಇಸಿದುಕೊಂಡು, ದೀಪ ಬಂದಿದೆ, ಆದರೆ ಚರಂಡಿ ಹಾಗೇ ಇದೆ ಎಂದು ಊರಿಗೆಲ್ಲ ಕೇಳುವಂತೆ ಹೇಳಿದರು.

ಜವಾನನ ಕೆಲಸ ಉಳಿಯಿತು. ಇನ್‌ಸ್ಪೆಕ್ಟರು ಯಂತ್ರವನ್ನು ಜಪ್ತಿ ಮಾಡಿದರು. ಅದರ ಜೊತೆಗಿದ್ದ ಪತ್ರಿಕೆಯನ್ನು ತಿರುವಿ, ಇದು ಇಂಗ್ಲಿಷಿನಲ್ಲಿದೆಯಲ್ಲ, ನಿನಗೆ ಓದಿಕೊಟ್ಟವರು ಯಾರು, ಅವರೂ ಅಪರಾಧಿಯೇ ಎಂದರು. ಪ್ರೆಸಿಡೆಂಟರು ನಮ್ಮ ಸಾಲಿನ ಕಡೆ ನೋಡಿದರು. ಊರಲ್ಲಿ ಇಂಗ್ಲಿಷ್ ಬಲ್ಲವರು ಹೆಚ್ಚಾಗಿ ಕೂತಿದ್ದದ್ದು ಅಲ್ಲಿಯೇ. ಯಜಮಾನರ ಕಣ್ಣೂ ಆ ಸಾಲಿನ ಮೇಲೆ ಹಾದುಹೋಯಿತು. ನನ್ನ ಮೇಲೂ ಹಾದುಹೋಯಿತು, ಗುರುತಿಲ್ಲದವನ ಮೇಲೆ ಹಾದುಹೋದಂತೆ.

"ಯಾರೂ ಓದ್ಲಿಲ್ಲ ಸ್ವಾಮಿ. ಇದರಾಗೆ ಚಿತ್ರ ಐತೆ. ನಾಲ್ಕು ತಲೆಮಾರಿಂದ ಚಿತ್ರ ನೋಡೇ ನೇಯ್ತಿದೀವಿ ನಾವು."

ಇನ್‌ಸ್ಪೆಕ್ಟರು ನಕ್ಷೆಯನ್ನು ಮುಂದಿಟ್ಟರು. ಯಜಮಾನರು ಬೆರಳಿಟ್ಟು ಒಂದೊಂದು ಗೆರೆಯೂ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎಂದು ಹೇಳಿಬಿಟ್ಟರು. ಅಷ್ಟು ಜನರ ಮುಂದೆ ಅದನ್ನು ನಂಬದಿರಲು ಯಾರಿಗೂ ಸಾಧ್ಯವಾಗಲಿಲ್ಲ. ಇನ್ನು ಮುಂದೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಅವರು ಅದನ್ನು ಪಾಲಿಸಿದರು. ಆಮೇಲೆ ಕೇಳುವ ರೇಡಿಯೋಗಳನ್ನು ಎಷ್ಟೋ ಮನೆಗಳಿಗೆ ಮಾಡಿಕೊಟ್ಟರು, ಸುರುಳಿಗಳಿಗೆ ಮೇಣ ಸವರಿಯೇ. ಹೇಳುವ ಯಂತ್ರಕ್ಕೆ ಮತ್ತೆ ಕೈ ಹಾಕಲಿಲ್ಲ.

ಆವತ್ತೇ ಸಂಜೆ ಅವರ ಮನೆಗೆ ಹೋದೆ. ನಾನು ಎದ್ದು ನಿಲ್ಲಬೇಕಿತ್ತು ಎಂದೆ. ಒಬ್ಬನ ಕೆಲಸ ಉಳಿಸಲು ಹೋಗಿ ಇನ್ನೊಬ್ಬನ ಕೆಲಸ ಕಳೆಯಬೇಕಿತ್ತೇ ಎಂದರು ಯಜಮಾನರು, ಅದು ಅಷ್ಟು ದೊಡ್ಡ ವಿಷಯವೇ ಅಲ್ಲವೆಂಬಂತೆ. ಆಕೆ ಕಾಫಿ ತಂದು ನನ್ನ ಮುಂದಿಟ್ಟರು. "ಅವರು ಬಿಟ್ಟರು. ನಾನಾಗಿದ್ರೆ ಹೆಸರು ಹೇಳ್ತಿದ್ದೆ ಮೇಷ್ಟ್ರೇ."

ಆ ಕಾಫಿಯನ್ನು ಕುಡಿದೆ. ಆ ವರ್ಷವೇ ಕೆಲಸ ಕಾಯಂ ಆಯಿತು. ಮುಂದಿನ ವರ್ಷ ಹೊಸಕೋಟೆಗೆ ವರ್ಗವಾಯಿತು, ಕೊನೆಗೆ ಹೆಡ್‌ಮೇಷ್ಟ್ರಾಗಿ ನಿವೃತ್ತನಾದೆ. ಸಾವಿರಾರು ಮಕ್ಕಳಿಗೆ ಸತ್ಯವನ್ನೇ ಹೇಳಬೇಕು ಎಂದು ಪಾಠ ಮಾಡಿದೆ. ಆ ಪಾಠ ಬಂದಾಗಲೆಲ್ಲ ಕಿಟಕಿಯ ಕಡೆ ತಿರುಗಿ ಹೇಳುತ್ತಿದ್ದೆ. ಯಜಮಾನರನ್ನು ಪ್ರೀತಿಸಿದಷ್ಟು, ನನಗೆ ಸ್ವಂತ ಅಣ್ಣತಮ್ಮಂದಿರಿದ್ದಿದ್ದರೆ ಅವರನ್ನೂ ಪ್ರೀತಿಸುತ್ತಿರಲಿಲ್ಲ. ಆದರೂ ವರ್ಷಕ್ಕೊಮ್ಮೆ ನೋಡಲು ಹೋದಾಗ ಬಾಗಿಲಲ್ಲಿ ಆಕೆ ಕಂಡರೆ ನನ್ನ ಹೆಜ್ಜೆ ತಡವರಿಸುತ್ತಿತ್ತು.

ಹನ್ನೊಂದನೆಯ ದಿನ ಅವರ ಮನೆ ಮುಂದೆ ಚಪ್ಪರ ಹಾಕಿದ್ದರು. ಮಗ್ಗ ನಿಲ್ಲಿಸಿ ಬೀದಿಗೆ ಬೀದಿಯೇ ಬಂದಿತ್ತು. ಊಟಕ್ಕೆ ಮುಂಚೆ ಒಬ್ಬೊಬ್ಬರೂ ಅವರ ಬಗ್ಗೆ ಎರಡು ಮಾತು ಹೇಳುತ್ತಿದ್ದರು, ಹೇಳಿದ್ದೆಲ್ಲ ಅದೇ ಶನಿವಾರದ ಕಥೆ. ಪುರಸಭೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ, ಆ ಜವಾನನ ಮೊಮ್ಮಗನಂತೆ, ಎದ್ದು ಹೇಳಿದ: ನಮ್ಮ ತಾತನಿಗೆ ಅನ್ನ ಉಳಿಸಿದವರು ಇವರು, ಇಂಗ್ಲಿಷಿನ ಒಂದಕ್ಷರ ಬಾರದೆ, ಯಾರ ಸಹಾಯವೂ ಇಲ್ಲದೆ, ಆ ಪುಸ್ತಕವನ್ನು ಓದಿದ ಮಹಾನುಭಾವರು. ಎಲ್ಲರೂ ಹೌದು ಹೌದು ಎಂದರು. ನಾನೂ ಹೌದೆಂದು ತಲೆ ಆಡಿಸಿದೆ. ಈಗ ಬಾಯಿ ಬಿಟ್ಟರೆ ಸತ್ತವರ ಹಿರಿಮೆಯಲ್ಲಿ ಪಾಲು ಕೇಳಿದಂತಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿತನಕ್ಕೆ ವಯಸ್ಸಾದರೆ ಅದೂ ವಿವೇಕದ ಮಾತು ಕಲಿಯುತ್ತದೆ.

ಯಜಮಾನರ ಹೆಂಡತಿ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತರು. ಕಣ್ಣು ಮಂಜಾಗಿತ್ತು, ಧ್ವನಿಯೂ ಬಹಳ ಇಳಿದಿತ್ತು. ನನಗೊಬ್ಬನಿಗೆ ಕೇಳುವಷ್ಟೇ ಮೆಲ್ಲಗೆ ಹೇಳಿದರು.

"ನಮ್ಮನೆಯೋರು ಬದುಕಿನಾಗೆ ಒಂದೇ ಒಂದು ಸುಳ್ಳು ಹೇಳಿದ್ದು ಮೇಷ್ಟ್ರೇ, ಅದು ನಿಮಗೋಸ್ಕರ. ಅದನ್ನ ಅವರ ತಲೆ ಮೇಲೆ ಹೊರಿಸಿ ಕಳಿಸ್ಬೇಡಿ."

ಚಪ್ಪರದಡಿ ಎಲ್ಲರೂ ಎಲೆಯ ಮುಂದೆ ಕೂತಿದ್ದರು. ನಾನು ಎದ್ದು ನಿಂತೆ.